ಐತಿಹ್ಯದ ಪಂದ್ಯ, ಇತಿಹಾಸದ ಬೇಸಗೆ

ಯುದ್ಧಕಾಲದ ಕಾಲ್ಚೆಂಡಾಟದ ಕಥೆಗಳಲ್ಲಿ ಕೀವ್ ನಗರದ ‘ಸ್ಟಾರ್ಟ್’ ತಂಡದ ಕಥೆ ಸುಪ್ರಸಿದ್ಧವಾದುದು. ಜರ್ಮನರ ವಶದಲ್ಲಿದ್ದ ನಗರದಲ್ಲಿ ಅವರ ತಂಡವನ್ನೇ ಸೋಲಿಸಿದ ಆಟಗಾರರು ಆಟ ಮುಗಿದೊಡನೆ ಗುಂಡಿಗೆ ಬಲಿಯಾದರೆಂಬುದು ಸೋವಿಯತ್ ಕಾಲದಲ್ಲಿ ಬೆಳೆದ ಐತಿಹ್ಯ.

ಇತಿಹಾಸದ ನಿರೂಪಣೆ ಬೇರೆ. ಬ್ರೆಡ್ ಕಾರ್ಖಾನೆಯೊಂದರ ಕೆಲಸಗಾರರಾಗಿದ್ದ, ಬಹುಪಾಲು ಡೈನಮೊ ಸಂಘದ ಹಳೆಯ ಆಟಗಾರರೇ ಸೇರಿದ್ದ ಈ ತಂಡವು 1942ರ ಬೇಸಗೆಯಲ್ಲಿ ಒಂದರ ಮೇಲೊಂದು ಪಂದ್ಯವನ್ನು ಗೆದ್ದಿತು. ಆಗಸ್ಟ್ 6ರಂದು ಜರ್ಮನರ ‘ಫ್ಲಾಕೆಲ್ಫ್’ ತಂಡವನ್ನು 5-1ರಿಂದಲೂ 9ರಂದು 5-3ರಿಂದಲೂ ಸೋಲಿಸಿತು; 16ರಂದು ಇನ್ನೊಂದು ಪಂದ್ಯವನ್ನೂ ಆಡಿತು. ಬಂಧನ ಮೊದಲಾದುದು 18ರಂದು. ಕೊರೊಟ್ಕಿಖ್ ಗೆಸ್ಟಾಪೊ ಸೆರೆಯಲ್ಲಿ ಮಡಿದರು. ತ್ರುಸೆವಿಚ್, ಕ್ಲಿಮೆಂಕೊ, ಕುಜ್ಮೆಂಕೊ 1943ರ ಫೆಬ್ರವರಿಯಲ್ಲಿ ಸಿರೆಟ್ಸ್ ಶಿಬಿರದಲ್ಲಿ ಹತರಾದರು. ಉಳಿದವರಲ್ಲಿ ಹಲವರು ಬದುಕಿದರು.

ಈ ಐತಿಹ್ಯದ ಪ್ರೇರಣೆಯಿಂದ ಬಂದ ಚಲನಚಿತ್ರಗಳಿಗೆ ಇಷ್ಟು ದೀರ್ಘವಾದ ಅಂತ್ಯ ಒಗ್ಗಲಿಲ್ಲ. ಜೊಲ್ಟಾನ್ ಫಾಬ್ರಿಯವರ 1961ರ ಹಂಗೇರಿಯನ್ ಚಿತ್ರದಲ್ಲಿ ಆಟಗಾರರು ಮೈದಾನದಲ್ಲೇ ಗುಂಡಿಗೆ ಬೀಳುತ್ತಾರೆ. ಜಾನ್ ಹ್ಯೂಸ್ಟನ್ ಅವರ 1981ರ ‘ಎಸ್ಕೇಪ್ ಟು ವಿಕ್ಟರಿ’ಯಲ್ಲಿ ಪ್ರೇಕ್ಷಕರ ನೂಕುನುಗ್ಗಲಿನಲ್ಲಿ ಪಾರಾಗುತ್ತಾರೆ. ಒಂದು ದುರಂತ, ಇನ್ನೊಂದು ಸುಖಾಂತ. ಆದರೆ ಎರಡಕ್ಕೂ ಕಥೆ ಮೈದಾನದಲ್ಲೇ ಮುಗಿಯಬೇಕು.

ಕಲೆಗೆ ಈ ಸ್ವಾತಂತ್ರ್ಯ ಉಂಟು, ನಿಜ. ಆದರೆ ಐತಿಹ್ಯವೇ ಇತಿಹಾಸದ ಸ್ಥಾನವನ್ನು ಆಕ್ರಮಿಸಿದಾಗ ನಷ್ಟವಾಗುವುದು ಆ ಇಡೀ ಬೇಸಗೆ: ಹಸಿದ ನಗರದಲ್ಲಿ ಕಾರ್ಖಾನೆಯಲ್ಲಿ ದುಡಿದು ಮತ್ತೆ ಆಟಕ್ಕಿಳಿದ ಛಲ, ಸೆರೆಯಲ್ಲಿ ಕಳೆದ ತಿಂಗಳುಗಳು, ಬದುಕುಳಿದವರ ಮೇಲೆ ಕವಿದ ‘ಶತ್ರುವಿನೊಡನೆ ಆಡಿದವರು’ ಎಂಬ ಶಂಕೆ. ಗೆಲವೇ ಸಾವಿಗೆ ಕಾರಣವೆಂದು ನಿರ್ಣಯಿಸಲು ಆಧಾರ ಸಾಲದು. ಸತ್ತವರ ಗೌರವಕ್ಕೆ ಅಂಥ ಕಾರಣದ ಅಗತ್ಯವೂ ಇಲ್ಲ.