ಮೊಳಕೈಗೊಂದು ಖಣದ ಆಸರೆ

ಮೊಳಕೈಯಿಂದ ನಡುಬೆರಳ ತುದಿಯವರೆಗಿನ ಉದ್ದವೇ ಮೊಳ. ಸುಮಾರು 18 ಇಂಚಿನ ಈ ಅಳತೆಯಿಂದಲೇ ಕನ್ನಡನಾಡಿನ ಸಂತೆಗಳು ಹೂವನ್ನೂ ಬಟ್ಟೆಯನ್ನೂ ಬಹುಕಾಲ ಅಳೆದುಕೊಟ್ಟಿವೆ. ಕಾರಿನ ಮುಂದಿನ ಎರಡು ಆಸನಗಳ ನಡುವೆ ನಿಂತು ಚಾಲಕರ ಎಡ ಮುಂಗೈಯ ಭಾರವನ್ನು ಹೊರುವ ಮೆತ್ತೆಯ ಪೆಟ್ಟಿಗೆಗೆ, ಅಂದರೆ ಅಂಗಡಿಯವರು ಆರ್ಮ್‌ರೆಸ್ಟ್ ಎಂದು ಕರೆಯುವ ತೋಳಾಸರೆಗೆ, ಈ ಮೊಳಕ್ಕಿಂತ ತಕ್ಕ ಅಳತೆಗೋಲು ಬೇರೊಂದಿಲ್ಲ. ಎಲ್ಲ ಮೈಕಟ್ಟಿಗೂ ಒಂದೇ ಎತ್ತರದಲ್ಲಿ ತಯಾರಾಗಿ ಬರುವ ಪೆಟ್ಟಿಗೆಯನ್ನು ಕೊಳ್ಳುವುದಕ್ಕಿಂತ ಕೂರುವವರ ಕೈಯಳತೆಗೆ ಅದನ್ನು ಮನೆಯಲ್ಲೇ ಕಟ್ಟಿಕೊಳ್ಳುವುದು ಲೇಸು. ಆ ಮನೆ ಗುಳೇದಗುಡ್ಡದ ಸುತ್ತಮುತ್ತ ಇದ್ದರಂತೂ ಅದಕ್ಕೆ ಹೊದಿಸಬೇಕಾದ ಬಟ್ಟೆ ಯಾವುದೆಂದು ದೂರ ಹುಡುಕಬೇಕಾಗಿಲ್ಲ.

ಭಾರತದ ರಸ್ತೆಗಳಲ್ಲಿ ಈ ಪೆಟ್ಟಿಗೆಯ ಅಗತ್ಯ ತಡವಾಗಿ ಹುಟ್ಟಿತು. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಬಹುಕಾಲ ಮುಂದಿನ ಆಸನ ಬೆಂಚಿನಂತೆ ಒಂದೇ ಉದ್ದಕ್ಕಿತ್ತು, ಗೇರು ಹಾಕುವ ಸರಳು ಸ್ಟಿಯರಿಂಗ್ ಕಂಬಕ್ಕೇ ಅಂಟಿಕೊಂಡಿತ್ತು, ಹೀಗಾಗಿ ನಡುವಿನ ಜಾಗದಲ್ಲಿ ಮೂರನೆಯವರೊಬ್ಬರು ಕೂರುತ್ತಿದ್ದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು, ಅದರ ಬೆನ್ನಿಗೇ ಬಂದ ಚಿಕ್ಕ ಕಾರುಗಳು ಮನೆಮನೆ ಸೇರಿದಂತೆ, ಗೇರು ನೆಲಕ್ಕಿಳಿಯಿತು, ಆಸನ ಎರಡಾಯಿತು, ಅವುಗಳ ನಡುವೆ ಹ್ಯಾಂಡ್‌ಬ್ರೇಕು ಮತ್ತು ಒಂದಿಷ್ಟು ಖಾಲಿ ಜಾಗ ಉಳಿಯಿತು. ಗುಡ್ಡದ ಸಾಲಿನ ನಡುವೆ ಬಾದಾಮಿಯ ಕಡೆಗೆ ಹೋಗುವಾಗ ಕೈ ಗೇರಿನ ಮೇಲೆಯೇ ಇರುವುದರಿಂದ ಈ ಖಾಲಿತನ ಅರಿವಿಗೆ ಬಾರದು. ಹುನಗುಂದದ ಬಳಿ ರಾಷ್ಟ್ರೀಯ ಹೆದ್ದಾರಿ 50ನ್ನು ಸೇರಿ ಇಳಕಲ್ಲಿನ ಕಡೆಗೆ ಒಂದೇ ಗೇರಿನಲ್ಲಿ ಸಾಗುವಾಗ, ಕೆಲಸವಿಲ್ಲದ ಎಡಗೈ ಎಲ್ಲೂ ಊರಲಾಗದೆ ಭುಜದಿಂದ ಜೋತುಬಿದ್ದು ಕತ್ತಿನ ಬುಡವನ್ನು ಎಳೆಯತೊಡಗುತ್ತದೆ.

ಕೆಲಸ ಅಳತೆಯಿಂದ ಮೊದಲಾಗಬೇಕು. ದಿನವೂ ಓಡಿಸುವ ಭಂಗಿಗೆ ಆಸನವನ್ನು ಸರಿಸಿಕೊಂಡು, ಭುಜವನ್ನು ಸಡಿಲ ಬಿಟ್ಟು, ತೋಳನ್ನು ನೆಟ್ಟಗೆ ಇಳಿಬಿಟ್ಟು, ಮುಂಗೈಯನ್ನು ಮಾತ್ರ ಮುಂದಕ್ಕೆ ಮಡಿಸಿ ಹಿಡಿದಾಗ ಮೊಳಕೈಯ ತಳದಿಂದ ಆಸನಗಳ ನಡುವಿನ ನೆಲದವರೆಗೆ ಎಷ್ಟು ಅಂತರವಿದೆಯೆಂದು ಇನ್ನೊಬ್ಬರು ಅಳೆಯಬೇಕು. ಮೆತ್ತೆ ಕೈಭಾರಕ್ಕೆ ಅಮರಿದ ಮೇಲೆ ಪೆಟ್ಟಿಗೆಯ ಮೇಲ್ಮೈ ಆ ಎತ್ತರಕ್ಕಿಂತ ಒಂದು ಬೆರಳು ಕೆಳಗಿರುವುದು ಒಳ್ಳೆಯದು. ಒಂದು ಬೆರಳು ಮೇಲಾದರೆ ಭುಜ ಸದಾ ಎತ್ತಿಕೊಂಡೇ ಇರಬೇಕಾಗಿ ಆಸರೆಯೇ ಹೊರೆಯಾಗುತ್ತದೆ. ಮರಕ್ಕೆ ಗರಗಸ ಹಾಕುವ ಮೊದಲು ಇದೇ ಅಳತೆಯ ರಟ್ಟಿನ ಪೆಟ್ಟಿಗೆಯೊಂದನ್ನು ಮಾಡಿ, ಅದನ್ನು ಜಾಗದಲ್ಲಿಟ್ಟು, ಹ್ಯಾಂಡ್‌ಬ್ರೇಕನ್ನು ಪೂರ್ತಿ ಎತ್ತಿ ಇಳಿಸಿ, ಸೀಟ್‌ಬೆಲ್ಟನ್ನು ಹಾಕಿ ಬಿಚ್ಚಿ, ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಬೇಕು. ಸರಳು ಹಿಂದಕ್ಕೆ ಬರುವುದು ಎರಡನೆಯ ಮತ್ತು ನಾಲ್ಕನೆಯ ಗೇರುಗಳಲ್ಲಿ. ಮೊಳಕೈ ಪೆಟ್ಟಿಗೆಗೆ ತಾಗುವುದಿದ್ದರೆ ಅಲ್ಲಿಯೇ ತಾಗುತ್ತದೆ. ಹಾಗೆ ತಾಗಿದರೆ ಪೆಟ್ಟಿಗೆಯನ್ನು ತಗ್ಗಿಸದೆ ಅದರ ಮುಂದಿನ ತುದಿಯನ್ನು ಕುಗ್ಗಿಸಬೇಕು. ಈ ರಟ್ಟಿನ ಪರೀಕ್ಷೆಗೆ ಒಂದು ವಾರ ಕೊಟ್ಟರೂ ಅದು ವ್ಯರ್ಥವಲ್ಲ.

ಪೆಟ್ಟಿಗೆಯ ಮರಗೆಲಸ ಸರಳವಾದುದು. ಪಕ್ಕಗಳಿಗೆ 9 ಮಿಲಿಮೀಟರು, ಮುಚ್ಚಳಕ್ಕೆ ಮತ್ತು ತಳಕ್ಕೆ 12 ಮಿಲಿಮೀಟರು ದಪ್ಪದ ಪ್ಲೈವುಡ್ ಸಾಕು. ಮುಚ್ಚಳವನ್ನು ಹಿಂಬದಿಯಲ್ಲಿ ಬಿಜಾಗರಿಯಿಂದ, ಅಂದರೆ ಬಾಗಿಲಿಗೆ ಹಾಕುವಂಥ ಲೋಹದ ಕೀಲಿನಿಂದ ಕೂಡಿಸಿದರೆ ಒಳಗೆ ಚಿಲ್ಲರೆ ಸಾಮಾನು ಇಡಲು ಜಾಗವಾಗುತ್ತದೆ. ಹೆಚ್ಚು ಯೋಚಿಸಬೇಕಾದದ್ದು ಪೆಟ್ಟಿಗೆ ನಿಲ್ಲುವ ಬಗೆಯ ಕುರಿತು. ಬಿಗಿಯದೆ ಬಿಟ್ಟ ಪೆಟ್ಟಿಗೆ ಅಪಘಾತದ ಕ್ಷಣದಲ್ಲಿ ಕಾರಿನಷ್ಟೇ ವೇಗದಲ್ಲಿ ಮುಂದಕ್ಕೆ ಹಾರುವ ಮರದ ತುಂಡಾಗುತ್ತದೆ. ಕಾರಿನ ನೆಲಕ್ಕೆ ತೂತು ಕೊರೆದು ಸ್ಕ್ರೂ ಹಾಕಿದರೆ ಅಡಿಯಲ್ಲಿ ಹಾದುಹೋಗುವ ವಿದ್ಯುತ್ ತಂತಿಗಳಿಗೆ ಅಪಾಯ, ತುಕ್ಕಿಗೆ ದಾರಿ. ಮಂಚಕ್ಕೆ ಹೆಣೆಯುವ ನವಾರದಂಥ ಗಟ್ಟಿ ಪಟ್ಟಿಯನ್ನು ತಳದ ಹಲಗೆಯ ಸೀಳುಗಳಲ್ಲಿ ತೂರಿಸಿ, ಎರಡೂ ಆಸನಗಳನ್ನು ನೆಲಕ್ಕೆ ಬಿಗಿದಿರುವ ಲೋಹದ ಕಾಲುಗಳಿಗೆ, ಆಸನ ಸರಿಯುವ ಹಳಿಗೆ ಅಡ್ಡಬಾರದಂತೆ ಸುತ್ತಿ ಬಕಲು ಹಾಕಿ ಎಳೆದು ಕಟ್ಟುವುದೇ ಮೇಲು. ಹೀಗೆ ಕಟ್ಟಿದ್ದನ್ನು ಬೇಕಾದಾಗ ಬಿಚ್ಚಬಹುದು, ಕಾರಿನ ಮೂಲ ಸ್ವರೂಪಕ್ಕೂ ಊನವಿಲ್ಲ.

ಮೆತ್ತೆಗೆ ಕುಶನ್ ಅಂಗಡಿಗಳಲ್ಲಿ 40 ಡೆನ್ಸಿಟಿ ಎಂದು ಕೇಳಿದರೆ ಸಿಗುವ ಫೋಮ್, ಅಂದರೆ ಒಂದು ಘನ ಮೀಟರಿಗೆ 40 ಕಿಲೋ ತೂಗುವಷ್ಟು ಒತ್ತಾದದ್ದು, 25 ಮಿಲಿಮೀಟರು ದಪ್ಪಕ್ಕೆ ಬೇಕು. ಅದರ ಮೇಲೆ 10 ಮಿಲಿಮೀಟರಿನ ಮೃದುವಾದ ಇನ್ನೊಂದು ಪದರ. ಮೆದು ಫೋಮ್ ಒಂದನ್ನೇ ಹಾಕಿದರೆ ಮೊದಲ ತಿಂಗಳು ಸುಖವೆನಿಸಿ ಆಮೇಲೆ ಮೊಳಕೈಯ ಎಲುಬು ಹಲಗೆಗೇ ತಾಗುತ್ತದೆ.

ಇನ್ನು ಹೊದಿಕೆ. ರೆಕ್ಸಿನ್ ಒರೆಸಲು ಸುಲಭವಾದರೂ ಬಾಗಲಕೋಟೆಯ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಕಾದು ಬರಿಗೈಗೆ ಅಂಟುತ್ತದೆ. ಬೆವರನ್ನು ಹೀರುವ ಬಟ್ಟೆಯೇ ಇಲ್ಲಿನ ಹವೆಗೆ ಒಪ್ಪುತ್ತದೆ. ಗುಳೇದಗುಡ್ಡದ ಖಣ ಕುಪ್ಪಸಕ್ಕೆಂದೇ ನೇಯುವ ಬಟ್ಟೆ, ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಎಲೆ ಅಡಿಕೆಗಳೊಂದಿಗೆ ಹೆಣ್ಣುಮಕ್ಕಳಿಗೆ ಸಲ್ಲುವ ಮಂಗಳದ್ರವ್ಯ, ಗಡಿಯಾಚೆಯ ಮರಾಠಿ ಮನೆಗಳಲ್ಲೂ ಖಣ್ ಎಂಬ ಹೆಸರಿನಿಂದಲೇ ಪ್ರೀತಿ ಪಡೆದದ್ದು, ಭೌಗೋಳಿಕ ಸೂಚಿಯ ಮಾನ್ಯತೆಯುಳ್ಳದ್ದು. ಸಾಂಪ್ರದಾಯಿಕ ಖಣದಲ್ಲಿ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆ, ರೇಷ್ಮೆಯದು. ಹೊಕ್ಕು, ಅಂದರೆ ಲಾಳಿಯೊಡನೆ ಅಡ್ಡಕ್ಕೆ ಓಡುವ ಎಳೆ, ಹತ್ತಿಯದು. ತೇರು, ಆನೆ ಹೆಜ್ಜೆ, ಸೂಜಿ ಮಲ್ಲಿಗೆ, ಸಿದ್ಧೇಶ್ವರ ಮುಕುಟ ಮುಂತಾದ ಪುಟ್ಟ ಚಿತ್ತಾರಗಳು ಹೆಚ್ಚುವರಿ ಹಾಸಿನ ಎಳೆಗಳು ಮೇಲೆದ್ದು ಮುಳುಗುವುದರಿಂದ ಮೂಡುತ್ತವೆ. ತೋಳಾಸರೆ ಕಟ್ಟುವವರಿಗೆ ಈ ಕೊನೆಯ ಸಂಗತಿಯೇ ಮುಖ್ಯ. ಮೇಲೆದ್ದ ಎಳೆಗಳೆಲ್ಲ ಬಟ್ಟೆಯ ಉದ್ದಕ್ಕೆ ಮಲಗಿರುವುದರಿಂದ, ಮುಂಗೈ ಹಿಂದೆಮುಂದೆ ಸರಿಯುವ ದಿಕ್ಕಿಗೆ ಆ ಉದ್ದವನ್ನು ಹೊಂದಿಸಿ ಹೊದಿಸಿದರೆ ಕೈ ಎಳೆಗಳ ಗುಂಟ ಜಾರುತ್ತದೆ. ಅಡ್ಡ ಹೊದಿಸಿದರೆ ಬಳೆ, ಗಡಿಯಾರದ ಪಟ್ಟಿ ಸಿಕ್ಕಿಕೊಂಡು ರೇಷ್ಮೆ ಹಿಂಜಿಹೋಗುತ್ತದೆ.

ಖಣದ ಅಗಲ, ದರ್ಜಿಗಳ ಮಾತಿನಲ್ಲಿ ಪನ್ನಾ, ಸಾಮಾನ್ಯವಾಗಿ 31 ಇಂಚಿನ ಆಸುಪಾಸು ಇರುತ್ತದೆ, ಅದರ ಎರಡೂ ಬದಿಗೆ ದಡಿ ಇರುತ್ತದೆ. ಮುಚ್ಚಳ 12 ಇಂಚು ಉದ್ದ, 5 ಇಂಚು ಅಗಲವಿದ್ದರೆ, ಮೆತ್ತೆಯ ದಪ್ಪವನ್ನೂ ಒಳಮಡಿಕೆಯನ್ನೂ ಕೂಡಿಸಿದಾಗ ಹೊದಿಕೆಗೆ ಸುಮಾರು 18 ಇಂಚು ಉದ್ದ, 12 ಇಂಚು ಅಗಲ ಬೇಕಾಗುತ್ತದೆ: ಅಂದರೆ ಸರಿಯಾಗಿ ಒಂದು ಮೊಳ ಬಟ್ಟೆಯಲ್ಲಿ, ಅಗಲಕ್ಕೆ ಎರಡು, ತಲಾ ಒಂದೊಂದು ದಡಿಯುಳ್ಳ ಹೊದಿಕೆಗಳು. ದಡಿಯನ್ನು ಒಳಕ್ಕೆ ಮಡಚಿ ಮುಚ್ಚಿಬಿಡುವುದು ಖಣಕ್ಕೆ ಮಾಡುವ ಅನ್ಯಾಯ. ಅದರ ಅಂಚಿಗೆ ನಾಲ್ಕು ಬೆರಳಗಲದ ಸಾದಾ ಹತ್ತಿಪಟ್ಟಿಯನ್ನು ಹೊಲಿದು, ಆ ಪಟ್ಟಿಯನ್ನು ಮಾತ್ರ ಹಲಗೆಯಡಿಗೆ ತಿರುವಿದರೆ ದಡಿ ಚಾಲಕರ ಪಕ್ಕಕ್ಕೆ ಪೂರ್ತಿ ಕಾಣುತ್ತದೆ. ಎರಡನೆಯ ತುಂಡಿನ ದಡಿ ಎದುರು ಬದಿಗಿರುವುದರಿಂದ ಅದನ್ನು ತಿರುಗಿಸಿ ಹಾಕಬೇಕಾಗುತ್ತದೆ. ತೇರಿನ ಚಿತ್ತಾರವಾದರೆ ಆಗ ಕಳಸ ಕೆಳಗಾಗುವುದರಿಂದ, ಮೇಲುಕೆಳಗಿನ ಭೇದ ಕಾಣದ ಆನೆ ಹೆಜ್ಜೆಯಂಥದ್ದನ್ನು ಆರಿಸುವುದು ಜಾಣತನ.

ಹೊದಿಕೆಯನ್ನು ಗೋಂದಿನಿಂದ ಅಂಟಿಸಬಾರದು, ಏಕೆಂದರೆ ರಬ್ಬರಿನ ಗೋಂದು ಕಾರಿನ ಕಾವಿಗೆ ಮೆದುವಾಗಿ ರೇಷ್ಮೆಯೊಳಗೆ ಕಲೆಯಾಗಿ ಇಳಿಯುತ್ತದೆ. ಫೋಮಿನ ಮೇಲೆ ಹಳೆಯ ಇಳಕಲ್ ಸೀರೆಯ ಮೆತ್ತನೆಯ ಹತ್ತಿ ಒಡಲನ್ನು ಅಸ್ತರಿಯಾಗಿ ಎಳೆದು ಸ್ಟೇಪಲ್ ಪಿನ್ನುಗಳಿಂದ ಹಲಗೆಗೆ ಬಿಗಿದು, ಖಣದ ಹೊದಿಕೆಯನ್ನು ಮಾತ್ರ ದಿಂಬಿನ ಗೌಸಿನಂತೆ ಅಡಿಯಲ್ಲಿ ಲಾಡಿ ಕಟ್ಟುವ ಹಾಗೆ ಹೊಲಿದರೆ, ಬೆವರು ಹಿಡಿದಾಗ ಬಿಚ್ಚಿ, ತಣ್ಣೀರಿನಲ್ಲಿ ಅದ್ದಿ, ಹಿಂಡದೆ ನೆರಳಿನಲ್ಲಿ ಒಣಗಿಸಬಹುದು. ಗಾಜಿನ ಮೂಲಕ ಬೀಳುವ ಬಿಸಿಲು ರೇಷ್ಮೆಯ ಬಣ್ಣವನ್ನು ಕಾಲಕ್ರಮದಲ್ಲಿ ತಿನ್ನುವುದರಿಂದ ಎರಡು ಹೊದಿಕೆಗಳನ್ನು ತಿಂಗಳಿಗೊಮ್ಮೆ ಅದಲುಬದಲು ಮಾಡುತ್ತಿದ್ದರೆ ಎರಡೂ ಒಂದೇ ಹದದಲ್ಲಿ ಮಾಸುತ್ತವೆ. ಪನ್ನಾದ ನಡುವೆ ಉಳಿಯುವ ಏಳು ಇಂಚಿನ ಪಟ್ಟಿ ಪೆಟ್ಟಿಗೆಯ ಒಳಮೈಗೆ ಸಾಲುತ್ತದೆ.