ರೇಡರ್‌ನಿಂದ ಸ್ವಲ್ಪ ಕಣ್ಣು ತೆಗೆಯಿರಿ

ಮುದ್ದೇಬಿಹಾಳ, ಸಿಂದಗಿ ಕಡೆ ಲೈಟು ಕಟ್ಟಿ ಕಬಡ್ಡಿ ಆಡಿಸುವಾಗ ಹೊಸಬರ ಕಣ್ಣು ರೇಡ್‌ಗೆ ಹೋದವನ ಬೆನ್ನು ಹತ್ತುತ್ತದೆ. ಸಹಜವೇ, ತೊಡೆ ತಟ್ಟುವವನು ಅವನು, ಮೂವತ್ತು ಸೆಕೆಂಡು ಅವನದು. ಆದರೆ ಆಟದ ರುಚಿ ಹತ್ತಬೇಕಾದರೆ ಒಂದ್ಹತ್ತು ರೇಡ್ ಅವನನ್ನು ಬಿಟ್ಟು ಎದುರಾಳಿ ಸಾಲಿನ ನಡುಭಾಗದಲ್ಲಿ ನಿಲ್ಲುವ ಕವರ್ ಆಟಗಾರನ ಕಾಲು ನೋಡಿ. ಮೂಲೆಯ ಕಾರ್ನರ್ ಪಕ್ಕದವನ ಕೈಬಿಟ್ಟು ಆಂಕಲ್ ಹೋಲ್ಡ್ ಹಾಕುತ್ತಾನೆ, ಚಪ್ಪಾಳೆ ಅವನಿಗೆ ಬೀಳುತ್ತದೆ. ಅದೇ ಗಳಿಗೆಗೆ ಕವರ್ ಓಡಿಬಂದು ರೇಡರ್‌ಗೂ ನಡುಗೆರೆಗೂ ಮಧ್ಯೆ ಎದೆಯೊಡ್ಡದಿದ್ದರೆ, ಕಾಲಿಗೆ ಜೋತವನನ್ನು ಎಳೆದುಕೊಂಡೇ ರೇಡರ್ ಗೆರೆ ಮುಟ್ಟುತ್ತಾನೆ. ಅರ್ಧ ಹೆಜ್ಜೆ ತಡವಾದರೂ ಅಂಕ ಆಚೆಗೆ. ಬೇಸ್‌ಬಾಲ್‌ನ ಔಟ್‌ಫೀಲ್ಡರ್ ಕೂಡ ಹೀಗೇ: ಚೆಂಡು ತನ್ನ ಕಡೆ ಬರದಿದ್ದರೂ, ಎಸೆತ ತಪ್ಪೀತೆಂದು ಇನ್ನೊಬ್ಬನ ಬೆನ್ನಿಗೆ ಓಡುತ್ತಾನೆ. ಅಂಕಪಟ್ಟಿಯಲ್ಲಿ ಆ ಓಟಕ್ಕೆ ಜಾಗವಿಲ್ಲ.

ಆ ಅರ್ಧ ಹೆಜ್ಜೆ ತಿದ್ದುವವನು ಕೋಚ್. ಅರ್ಜುನ ಪ್ರಶಸ್ತಿ ಪಡೆದ ಆಟಗಾರ, ಆಮೇಲೆ ಕೋಚ್ ಆದ ಕರ್ನಾಟಕದ ಬಿ.ಸಿ. ರಮೇಶ್ ಅವರ ತಂಡಗಳನ್ನು ನೋಡಿದರೆ ಇದು ಕಾಣುತ್ತದೆ. 2019ರ ಅಕ್ಟೋಬರ್ 19ರಂದು ಅಹಮದಾಬಾದಿನಲ್ಲಿ ಪ್ರೊ ಕಬಡ್ಡಿ ಫೈನಲ್. ರಮೇಶ್ ಕೋಚ್ ಆಗಿದ್ದ ಬೆಂಗಾಲ್ ವಾರಿಯರ್ಸ್‌ನ ನಾಯಕ, ಮುಖ್ಯ ರೇಡರ್ ಮಣಿಂದರ್ ಸಿಂಗ್ ಗಾಯಗೊಂಡು ಹೊರಗೆ. ಎದುರಿಗೆ ದಬಾಂಗ್ ಡೆಲ್ಲಿಯ ನವೀನ್ ಕುಮಾರ್ ಒಬ್ಬರೇ 18 ಅಂಕ ತಂದರು. ಗೆದ್ದದ್ದು ಮಾತ್ರ ಬೆಂಗಾಲ್, 39–34ರಿಂದ. ಆ ತಂಡದ ನಬಿಬಕ್ಷ್ ಹತ್ತು ಅಂಕ ತಂದರು, ನಮ್ಮ ಕರ್ನಾಟಕದ ಸುಕೇಶ್ ಹೆಗ್ಡೆ ಎಂಟು. ಉಳಿದದ್ದು ಹಲವು ಕೈಗಳಲ್ಲಿ ಹಂಚಿಹೋಯಿತು.

ಒಂದು ಫೈನಲ್ ಹಿಡಿದುಕೊಂಡು ಕೋಚ್‌ನನ್ನು ಹೊಗಳುವುದೇ ಎನ್ನಬಹುದು. ಸರಿ, ಪುಣೇರಿ ಪಲ್ಟನ್ ನೋಡಿ. ರಮೇಶ್ ಅವರ ಕೈಯಲ್ಲಿ ಆ ತಂಡ 2022ರ ಫೈನಲ್‌ನಲ್ಲಿ ಜೈಪುರಕ್ಕೆ 29–33ರಿಂದ ಸೋತಿತು, 2024ರ ಮಾರ್ಚ್ 1ರ ಫೈನಲ್‌ನಲ್ಲಿ ಹರಿಯಾಣವನ್ನು 28–25ರಿಂದ ಮಣಿಸಿತು. ಬರೀ 28 ಅಂಕಕ್ಕೆ ಕಪ್! ಎದುರಾಳಿಯನ್ನು 25ಕ್ಕೆ ಕಟ್ಟಿಹಾಕಿ ಗೆದ್ದ ಪಂದ್ಯವದು. 2.35 ಕೋಟಿ ಸುರಿದು ಇರಾನಿನ ಕಾರ್ನರ್ ಶಾದ್ಲೂಯಿಯನ್ನು ತಂದಮೇಲೆ ಗೆಲ್ಲದೆ ಇನ್ನೇನು ಎಂಬ ತಕರಾರೂ ಉಂಟು. ಅದೇ ಸೀಸನ್‌ಗೆ ಅದಕ್ಕೂ ಹೆಚ್ಚು ಕೊಟ್ಟು ರೇಡರ್ ಪವನ್ ಸೆಹ್ರಾವತ್‌ರನ್ನು ಕೊಂಡ ತೆಲುಗು ಟೈಟನ್ಸ್ ಹನ್ನೆರಡು ತಂಡಗಳಲ್ಲಿ ಕಡೆಯ ಸ್ಥಾನದಲ್ಲಿ ಉಳಿಯಿತಲ್ಲ. ದುಡ್ಡು ಕಾರ್ನರ್‌ನನ್ನು ತರುತ್ತದೆ; ಅವನು ಬಿದ್ದಾಗ ಕವರ್ ಎಲ್ಲಿರಬೇಕೆಂಬುದನ್ನು ತರುವುದಿಲ್ಲ.

ಹಾಗಾಗಿ ಟೈಮ್‌ಔಟ್‌ನಲ್ಲಿ ಕೋಚ್ ಕೂಗಾಡುವುದನ್ನು ನೋಡುತ್ತಾ ಕೂರಬೇಡಿ. ಸೀಟಿ ಮತ್ತೆ ಊದಿದ ಮೇಲೆ ಕವರ್ ಮೊದಲಿಗಿಂತ ಗೇಣು ಮುಂದೆ ನಿಂತನೋ, ಹಿಂದೆಯೋ, ಅದನ್ನು ನೋಡಿ.