ಮಾತ್ರೆಗೊಂದು ದಿನ, ಪರಿಸರಕ್ಕೊಂದು ದಿನ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಶಾಲೆಗಳಲ್ಲೂ, ನಾಡಿನ ಉಳಿದೆಡೆಯಂತೆ, ಪರಿಸರ ಮತ್ತು ಆರೋಗ್ಯದ ಪಾಠಕ್ಕೆ ಬೇರೆ ಬೇರೆ ದಿನ. ಜಂತುಹುಳು ನಿವಾರಣಾ ದಿನಕ್ಕೆ ಆಲ್ಬೆಂಡಜೋಲ್ ಮಾತ್ರೆ. ಜೂನ್ 5ರ ಪರಿಸರ ದಿನಕ್ಕೆ ಸಸಿ, ಚಿತ್ರ ಸ್ಪರ್ಧೆ, ಇ-ತ್ಯಾಜ್ಯದ ಮೇಲೊಂದು ಭಾಷಣ.

2015ರಲ್ಲಿ ದೇಶದಲ್ಲಿ ಶುರುವಾದ ಮೊದಲನೆಯದು ನಿಜಕ್ಕೂ ಒಳ್ಳೆಯ ಕಾರ್ಯಕ್ರಮ. ಶಿಕ್ಷಕರ ಕಣ್ಣೆದುರೇ ಮಗು 400 ಮಿಲಿಗ್ರಾಂ ಮಾತ್ರೆ ಅಗಿದು ನುಂಗುತ್ತದೆ. ಹೇಳಿದ್ದು ಅಲ್ಲೇ ಆಗುತ್ತದೆ. ಎರಡನೆಯದರಲ್ಲಿ ಹಾಗಿಲ್ಲ. ಕೆಟ್ಟ ಮೊಬೈಲು, ಟಿವಿಗಳನ್ನು ನೋಂದಾಯಿತ ಮರುಬಳಕೆದಾರರಿಗೇ ಕೊಡಿ ಎನ್ನುತ್ತೇವೆ. ಓಣಿಗೆ ಬರುವುದು ಗುಜರಿ ಗಾಡಿ. 2022ರ ಇ-ತ್ಯಾಜ್ಯ ನಿಯಮಗಳು ತಯಾರಕ ಕಂಪನಿಗಳ ಮೇಲೆ ಹೊರಿಸಿದ ಹೊಣೆ ಓಣಿ ಮುಟ್ಟುವ ತನಕ ಎಲ್ಲವೂ ಹೋಗುವುದು ಆ ಗಾಡಿಯಲ್ಲೇ.

ಆ ಗಾಡಿಯ ಸಾಮಾನು ಕೊನೆಗೆ ಸೇರುವ, ತಾಮ್ರಕ್ಕಾಗಿ ತಂತಿ ಸುಡುವ ಜಾಗ ನೋಡಿ. ಪ್ಲಾಸ್ಟಿಕ್ ಕರಗಿ ಕಪ್ಪು ಹೊಗೆ ಏಳುತ್ತದೆ, ತಂತಿ ಬತ್ತಲಾಗುತ್ತದೆ, ಸೀಸ ಬೆರೆತ ಬೂದಿ ಮಣ್ಣಿಗೆ ಬೀಳುತ್ತದೆ. ಇನ್ನೊಂದೆಡೆ, ಬಯಲು ಶೌಚದಿಂದ ಕೆಟ್ಟ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮ ಕೊರೆದು ಒಳಸೇರುತ್ತದೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮೈಯಲ್ಲಿ ಕಬ್ಬಿಣದ ಅಂಶ ಇಳಿಯಿತೆಂದರೆ ಕರುಳು ಸೀಸವನ್ನು ಇನ್ನಷ್ಟು ಎಳೆದುಕೊಳ್ಳುತ್ತದೆ. ಎರಡೂ ಲೋಹಗಳು ಒಳಹೋಗುವ ದಾರಿ ಬಹುಮಟ್ಟಿಗೆ ಒಂದೇ. ಆ ಸೀಸ ಬೆಳೆಯುವ ಮಿದುಳನ್ನೇ ಕೆಡಿಸುತ್ತದೆ. ಒಂದೇ ಮಗುವಿನ ಮೈಯಲ್ಲಿ ಕೂಡಿಕೊಂಡ ಎರಡು ಕೇಡುಗಳನ್ನು ನಮ್ಮ ಪಾಠ ಬೇರೆ ಬೇರೆ ದಿನಗಳಿಗೆ ಹಂಚಿಬಿಟ್ಟಿದೆ. ನನ್ನ ತಕರಾರು ಇದೇ.

ನಾರುಹುಣ್ಣಿನ (ಗಿನಿ ಹುಳು ರೋಗದ) ಕಾಲದ ಪಾಠ ಹೀಗಿರಲಿಲ್ಲ. ಉತ್ತರ ಕರ್ನಾಟಕವನ್ನೂ ಕಾಡಿದ ಆ ರೋಗಕ್ಕೆ ಲಸಿಕೆಯಿರಲಿಲ್ಲ, ಹುಳ ಕೊಲ್ಲುವ ಮದ್ದೂ ಇರಲಿಲ್ಲ. ನೀರು ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಹುಣ್ಣಾದವರು ಪಾವಟಿಗೆ ಬಾವಿಗೆ ಇಳಿಯಬೇಡಿ: ಇಷ್ಟೇ ಮಾತು. ಜೊತೆಗೆ ಕೊಳವೆಬಾವಿಗಳು ಬಂದವು, ಬಾವಿಗಳ ರೂಪ ಬದಲಾಯಿತು. ದೇಶದ ಕೊನೆಯ ಪ್ರಕರಣ 1996ರದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ರೋಗಮುಕ್ತವೆಂದು ಸಾರಿತು. ಜನರಿಗೆ ಹೇಳಿದ್ದು ಅವರ ಮನೆಯಲ್ಲೇ ಮಾಡಬಹುದಾದದ್ದು, ಅವರ ಕೈಮೀರಿದ್ದನ್ನು ಸರ್ಕಾರ ಮಾಡಿತು.

ಈಗಲೂ ಹಾಗೆಯೇ ಆಗಬೇಕು. ಮಾತ್ರೆಯ ದಿನವೇ ಗುಜರಿ ಅಂಗಡಿಯವರನ್ನೂ ಶಾಲೆಗೆ ಕರೆಯಬೇಕು. ತಂತಿ ಸುಡದೆ ಸುಲಿಯುವುದು, ಕೈ ತೊಳೆದೇ ರೊಟ್ಟಿ ಮುಟ್ಟುವುದು, ಅಂಗಡಿಯ ಅಂಗಳಕ್ಕೆ ಮಕ್ಕಳನ್ನು ಬರಿಗಾಲಲ್ಲಿ ಬಿಡದಿರುವುದು, ಇವನ್ನು ಮಾಡಿ ತೋರಿಸಬೇಕು. ಹಳೆಯ ಬ್ಯಾಟರಿ, ಟ್ಯೂಬ್‌ಲೈಟು ತಂದಿಡಲು ನಗರಸಭೆಗಳೂ ಪಟ್ಟಣ ಪಂಚಾಯಿತಿಯೂ ವಾರ್ಡಿಗೊಂದು ಜಾಗ ಕೊಡಬೇಕು. ಅದು ಸಿಗುವವರೆಗೆ ಜೂನ್ 5ರ ಭಾಷಣ ನಡೆಯಬೇಕಾದದ್ದು ಆ ಕಚೇರಿಗಳಲ್ಲಿ.